ಹದಿನೇಳು ಹೆಸರುಗಳು: ಜಯನಗರ ವಾರ್ ರೂಮ್ ಪ್ರಕರಣ

2021ರ ಮೇ ಮೊದಲ ವಾರ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ತ್ಯಾಗರಾಜನಗರದ ಚಿಕ್ಕಪ್ಪ ಒಂದು ಪಟ್ಟಿ ಕಳಿಸಿದರು. ಹದಿನೇಳು ಹೆಸರು, ಒಂದರ ಕೆಳಗೊಂದು. ಎಲ್ಲವೂ ಮುಸ್ಲಿಮರ ಹೆಸರು. ಬೆಂಗಳೂರಿನ ಸಾವಿರಾರು ಜನರನ್ನು ಸಾಯಿಸುತ್ತಿರುವವರು ಇವರೇ ಅನ್ನುವ ಅರ್ಥದ ತಲೆಬರಹ. ಕೊನೆಯಲ್ಲಿ ಚಿಕ್ಕಪ್ಪನೇ ಬರೆದ ಒಂದು ಸಾಲು: "ಬೆಡ್ ಯಾಕೆ ಸಿಗ್ತಿಲ್ಲ ಅಂತ ಈಗ ಗೊತ್ತಾಯ್ತಾ?"

ಯಾರೂ ಎದುರು ಮಾತಾಡಲಿಲ್ಲ. ಇಬ್ಬರು ಕೈಮುಗಿಯುವ ಚಿಹ್ನೆ ಹಾಕಿದರು. ಒಬ್ಬರು ಸಿಟ್ಟಿನ ಮುಖ ಹಾಕಿದರು. ನಾನೂ ಸುಮ್ನೆ ಇದ್ದೆ. ಆ ದಿನಗಳಲ್ಲಿ ನಮ್ಮ ಬಳಗದಲ್ಲೇ ಇಬ್ಬರಿಗೆ ಆಕ್ಸಿಜನ್ ಮಟ್ಟ ಇಳಿಯುತ್ತಿತ್ತು. ಯಾರ ಜೊತೆಗೂ ವಾದ ಮಾಡುವ ಶಕ್ತಿ ಇರಲಿಲ್ಲ. ಇದು ನೆಪ ಅಂತಲೂ ಅನ್ನಬಹುದು.

ಆ ಪಟ್ಟಿಯಲ್ಲಿ ಸುಳ್ಳು ಹೆಸರು ಒಂದೂ ಇರಲಿಲ್ಲ. ಆ ಹದಿನೇಳು ಜನ ನಿಜವಾಗಿಯೂ ಇದ್ದರು, ನಿಜವಾಗಿಯೂ ಬಿಬಿಎಂಪಿಯ ಕೋವಿಡ್ ವಾರ್ ರೂಮಿನಲ್ಲಿ, ಅಂದರೆ ರೋಗಿಗಳ ಫೋನ್ ಎತ್ತಿ ಬೆಡ್ ಹುಡುಕಿಕೊಡುವ ಕೋಣೆಯಲ್ಲಿ, ಕೆಲಸ ಮಾಡುತ್ತಿದ್ದರು. ಸುದ್ದಿ ಸುಳ್ಳೋ ನಿಜವೋ ಅಂತ ಪರೀಕ್ಷೆ ಮಾಡುವವರ ಕೈಗೆ ಕೊಟ್ಟಿದ್ದರೆ 'ಹೆಸರುಗಳು ಸರಿ ಇವೆ' ಅಂತಲೇ ಬರೆಯಬೇಕಿತ್ತು. ಹಾಗಾದರೆ ತಪ್ಪಿದ್ದು ಎಲ್ಲಿ? ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅಂತ ನನಗನ್ನಿಸಿದ್ದು ಇದೇ ಕಾರಣಕ್ಕೆ.

ಆ ವಾರ ಊರು ಹೇಗಿತ್ತು

ಕೋವಿಡ್‌ನ ಎರಡನೇ ಅಲೆ ತುದಿಗೇರಿದ್ದ ಸಮಯ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣ. ಅದರಲ್ಲಿ 23 ಸಾವಿರ ಬೆಂಗಳೂರಿನವೇ. ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಚಿತೆ ಉರಿಯುತ್ತಿದ್ದವು.

ಆಸ್ಪತ್ರೆಗೆ ಸೇರಬೇಕಾದರೆ ದಾರಿ ಹೀಗಿತ್ತು. ಗಂಟಲಿನ ಸ್ಯಾಂಪಲ್ ಕೊಟ್ಟಾಗ ಎಸ್‌ಆರ್‌ಎಫ್ ಐಡಿ ಅನ್ನುವ ಪರೀಕ್ಷೆಯ ನಂಬರ್. ಪಾಸಿಟಿವ್ ಬಂದ ಮೇಲೆ ಬಿಯು ನಂಬರ್ ಅನ್ನುವ ರೋಗಿಯ ಗುರುತು ಸಂಖ್ಯೆ. ಅದನ್ನು ಹಿಡಿದು 1912 ಸಹಾಯವಾಣಿಗೋ ವಲಯದ ವಾರ್ ರೂಮಿಗೋ ಫೋನ್ ಮಾಡಬೇಕು. ಅಲ್ಲಿ ಕೂತವರು ಕಂಪ್ಯೂಟರಿನಲ್ಲಿ ಖಾಲಿ ಬೆಡ್ ಹುಡುಕಿ ರೋಗಿಯ ಹೆಸರಿನಲ್ಲಿ ಬ್ಲಾಕ್ ಮಾಡಬೇಕು. ಗೊತ್ತಾದ ಅವಧಿಯೊಳಗೆ ರೋಗಿ ಆಸ್ಪತ್ರೆ ತಲುಪಬೇಕು. ತಲುಪದಿದ್ದರೆ ಬೆಡ್ ಮತ್ತೆ ಖಾಲಿ. ನಗರದ ಎಂಟು ವಲಯಕ್ಕೂ ಹೀಗೆ ವಾರ್ ರೂಮ್ ಇದ್ದವು. ದಕ್ಷಿಣ ವಲಯದ್ದು ಜಯನಗರದಲ್ಲಿ.

ಬಿಯು ನಂಬರ್ ಅನ್ನುವ ಮಾತು ಕೇಳಿದರೆ ಈಗಲೂ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಅದು ಬಂದಿಲ್ಲ ಅಂತ ಬೆಡ್ ಸಿಗದೆ ಹೋದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಅದನ್ನು ಮರೆತರು. ಮೇ 2ರ ರಾತ್ರಿಯಿಂದ 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಕ್ಸಿಜನ್ ಸಾಲದೆ ಸತ್ತರು ಅಂತ ಮನೆಯವರು ಆಸ್ಪತ್ರೆ ಮುಂದೆ ಗೋಳಾಡುವ ದೃಶ್ಯ ಸೋಮವಾರ ಪೂರ್ತಿ ಟಿವಿಯಲ್ಲಿತ್ತು. ಸರ್ಕಾರ ಉತ್ತರ ಹೇಳಬೇಕಾಗಿತ್ತು. ಜನರ ಸಿಟ್ಟು ಎತ್ತ ಹೋಗಬೇಕು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ.

ಮಂಗಳವಾರ ದಿಕ್ಕು ಸಿಕ್ಕಿತು.

ವಾರ್ ರೂಮಿನಲ್ಲಿ ನಡೆದದ್ದು

ಮೇ 4ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಮೂವರು ಶಾಸಕರ ಜೊತೆ ಜಯನಗರದ ವಾರ್ ರೂಮಿಗೆ ಹೋದರು. ಬೆಡ್ ಬ್ಲಾಕಿಂಗ್ ಹಗರಣ ನಡೆಯುತ್ತಿದೆ ಅನ್ನುವುದು ಅವರ ಆರೋಪ. ಮನೆಯಲ್ಲೇ ಆರಾಮಾಗಿರುವ, ಲಕ್ಷಣವೇ ಇಲ್ಲದ ಸೋಂಕಿತರ ಹೆಸರಿನಲ್ಲಿ ಬೆಡ್ ಬುಕ್ ಮಾಡುತ್ತಾರೆ, ಆಮೇಲೆ ದುಡ್ಡು ಕೊಟ್ಟವರಿಗೆ ಅದನ್ನು ದಾಟಿಸುತ್ತಾರೆ ಅಂತ ಅವರು ಹೇಳಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಬೆಡ್ ಹೀಗೆ ಹೋಗಿದೆ ಅಂದರು.

ಆರೋಪ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬೆಡ್ಡಿಗೆ ಇಷ್ಟು ಸಾವಿರ ಅಂತ ಕೇಳಿದವರು ಇದ್ದರು, ಕೊಟ್ಟವರೂ ಇದ್ದರು. ಅದನ್ನು ಬಯಲಿಗೆ ತರುವುದು ಜನಪ್ರತಿನಿಧಿಯ ಕೆಲಸವೇ. ಅವತ್ತು ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಆದರೆ ಕ್ಯಾಮೆರಾ ಓಡುತ್ತಿರುವಾಗಲೇ ಸಂಸದರು ಕೈಯಲ್ಲಿದ್ದ ಹಾಳೆಯಿಂದ ಹೆಸರು ಓದತೊಡಗಿದರು. ಒಂದಾದ ಮೇಲೊಂದು ಮುಸ್ಲಿಂ ಹೆಸರು. ಇವರೆಲ್ಲ ಯಾರು, ಇವರನ್ನು ಹೇಗೆ ತಗೊಂಡಿರಿ ಅಂತ ಅಧಿಕಾರಿಗಳಿಗೆ ಪ್ರಶ್ನೆ. ಜೊತೆಗಿದ್ದ ಶಾಸಕರೊಬ್ಬರು, ನೇಮಕ ಮಾಡಿಕೊಂಡಿದ್ದು ಪಾಲಿಕೆಗೋ ಮದರಸಾಕ್ಕೋ ಅಂತ ಕೇಳಿದರು. ಕೈಗೆ ಬಂದ ಪಟ್ಟಿಯನ್ನು ಓದಿ ಪ್ರಶ್ನೆ ಕೇಳಿದ್ದಷ್ಟೇ ಅನ್ನುವ ಸಮರ್ಥನೆ ಆಮೇಲೆ ಬಂತು.

ಆ ವಾರ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದವರು ಸುಮಾರು ಇನ್ನೂರು ಜನ. ಅದರಲ್ಲಿ ಹದಿನೇಳು ಅಂದರೆ ನೂರಕ್ಕೆ ಎಂಟೂವರೆ. 2011ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13. ಅಂದರೆ ಆ ಕೋಣೆಯಲ್ಲಿ ಮುಸ್ಲಿಮರು ಇರಬೇಕಾದ್ದಕ್ಕಿಂತ ಕಮ್ಮಿಯೇ ಇದ್ದರು! ಈ ಗುಣಾಕಾರ ಭಾಗಾಕಾರಕ್ಕೆ ಅರ್ಧ ನಿಮಿಷ ಸಾಕು. ಅವತ್ತು ಸಂಜೆ ಆ ವಿಡಿಯೊವನ್ನು ಮತ್ತೆ ಮತ್ತೆ ತೋರಿಸಿದವರಿಗೆ ಆ ಅರ್ಧ ನಿಮಿಷ ಸಿಗಲಿಲ್ಲ.

ಮದರಸಾ ಮಾತಿಗೂ ಒಂದು ಲೆಕ್ಕ ಇದೆ. ದೇಶದ ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು: ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾದಲ್ಲಿ ಓದುವವರು ನೂರಕ್ಕೆ ಸುಮಾರು ನಾಲ್ಕು. ಉಳಿದವರು ನಮ್ಮ ನಿಮ್ಮ ಮಕ್ಕಳು ಹೋಗುವ ಶಾಲೆಗೇ ಹೋಗುತ್ತಾರೆ, ಇಲ್ಲವೇ ಶಾಲೆಯನ್ನೇ ಬಿಡುತ್ತಾರೆ. ಅದೇ ಸಮಿತಿ ಐಎಎಸ್‌ನಲ್ಲಿ ಮುಸ್ಲಿಮರ ಪಾಲು ನೂರಕ್ಕೆ ಮೂರು ಅಂತಲೂ ಬರೆದಿತ್ತು. ಸರ್ಕಾರಿ ಕಚೇರಿಯಲ್ಲಿ ಹದಿನೇಳು ಜನ ಒಟ್ಟಿಗೆ ಕಂಡದ್ದೇ 'ಜಾಸ್ತಿ' ಅನ್ನಿಸಿದ್ದಕ್ಕೆ ಇದೂ ಕಾರಣ ಇರಬಹುದು. ಒಬ್ಬರೂ ಇಲ್ಲದ ಕೋಣೆಗಳಿಗೇ ಅಭ್ಯಾಸವಾದ ಕಣ್ಣಿಗೆ ಹದಿನೇಳು ಗುಂಪಿನ ಹಾಗೆ ಕಾಣುತ್ತದೆ.

ಪಟ್ಟಿಯಲ್ಲಿದ್ದವರು ಹೊರಗುತ್ತಿಗೆಯ ಏಜೆನ್ಸಿಯೊಂದರ ಮೂಲಕ ಬಂದವರು. ಹೆಚ್ಚಿನವರು ಎಳೆಯರು. ಫೋನ್ ಎತ್ತುವುದು, ಮನೆಯಲ್ಲಿರುವ ಸೋಂಕಿತರನ್ನು ವಿಚಾರಿಸುವುದು, ಡೇಟಾ ಹಾಕುವುದು, ಇಂಥ ಕೆಲಸ. ಅವರಲ್ಲಿ ಹೆಚ್ಚಿನವರಿಗೂ ಬೆಡ್ ಹಂಚಿಕೆಗೂ ಸಂಬಂಧವೇ ಇರಲಿಲ್ಲ ಅಂತ ಆಗಲೇ ವರದಿ ಬಂದಿತ್ತು. ಆದರೂ ಅವರನ್ನು ಕೆಲಸದಿಂದ ದೂರ ಇಟ್ಟರು. ಪೊಲೀಸರು ಕರೆಸಿ ವಿಚಾರಿಸಿದರು. ಅಷ್ಟರಲ್ಲಿ ಹೆಸರುಗಳು ಸಾವಿರಾರು ಮೊಬೈಲುಗಳಲ್ಲಿ ಓಡಾಡುತ್ತಿದ್ದವು.

ಈ ಪಟ್ಟಿ ಅಷ್ಟು ಬೇಗ ನಂಬಿಕೆಗೆ ಬಂದಿದ್ದು ಹೇಗೆ

ಚಿಕ್ಕಪ್ಪ ಕೆಟ್ಟವರಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವರು. ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಮನೆಗೆ ಬರುತ್ತಿರಲಿಲ್ಲ. ಅಂಥವರು 'ಒಟ್ಟು ಎಷ್ಟು ಜನರಲ್ಲಿ ಹದಿನೇಳು?' ಅಂತ ಕೇಳದೆ ಪಟ್ಟಿಯನ್ನು ಮುಂದಕ್ಕೆ ದಾಟಿಸಿದರು. ಯಾಕೆ?

ಉತ್ತರಕ್ಕೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. 2020ರ ಮಾರ್ಚ್ ಕೊನೆ. ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಧರ್ಮಪ್ರಚಾರಕರ ಸಂಘಟನೆಯ ಸಭೆಗೆ ಬಂದವರಲ್ಲಿ ಸೋಂಕು ಕಂಡಿತು. ಅದು ಸುದ್ದಿಯೇ. ಸೋಂಕಿನ ದಾರಿ ಹುಡುಕುವುದು ಅಗತ್ಯವೇ. ಆದರೆ ಎರಡೇ ದಿನಕ್ಕೆ ಸುದ್ದಿ ಬೇರೆ ರೂಪ ತಾಳಿತು. ರೋಗಕ್ಕೆ ಧರ್ಮ ಬಂತು. ಕೊರೊನಾದ ಮುಂದೆ ಜಿಹಾದ್ ಅಂತ ಸೇರಿಸಿದ ಹ್ಯಾಶ್‌ಟ್ಯಾಗ್ ದೇಶದ ತುಂಬ ಓಡಿತು. ಕನ್ನಡ ಚಾನೆಲ್‌ಗಳೂ ಹಿಂದೆ ಬೀಳಲಿಲ್ಲ. ಅದರ ಬಿಸಿ ಬೀದಿಗೂ ತಟ್ಟಿತು. ಆ ಏಪ್ರಿಲ್‌ನಲ್ಲೇ ಬೆಂಗಳೂರಿನಲ್ಲಿ ಬಡವರಿಗೆ ಊಟ ಹಂಚಲು ಹೋದ ಮುಸ್ಲಿಂ ಸ್ವಯಂಸೇವಕರ ಮೇಲೆ ಹಲ್ಲೆಯಾಯಿತು.

ಆಗ ನಾನೊಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಹೆಸರು ಬೇಡ. ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಏಪ್ರಿಲ್‌ನ ಒಂದು ರಾತ್ರಿ 'ಲಾಕ್‌ಡೌನ್ ಉಲ್ಲಂಘಿಸಿದರೆ ಕೇಸ್' ಅನ್ನುವ ಸಾಮಾನ್ಯ ಸುದ್ದಿಗೆ ಫೋಟೊ ಬೇಕಿತ್ತು. ಪೇಜ್ ಬಿಡುವ ಸಮಯ ಮೀರಿತ್ತು. ಫೋಲ್ಡರಿನಲ್ಲಿ ಮೊದಲು ಕಂಡದ್ದು ಟೋಪಿ ಹಾಕಿದ ನಾಲ್ವರು ಮಸೀದಿಯ ಹೊರಗೆ ನಿಂತಿದ್ದ ಹಳೆಯ ಫೋಟೊ. ಅದನ್ನೇ ಹಾಕಿದೆ. ಸುದ್ದಿಯಲ್ಲಿ ಮಸೀದಿಯ ಮಾತೇ ಇರಲಿಲ್ಲ. ಬೆಳಗ್ಗೆ ಯಾರೂ ಕೇಳಲಿಲ್ಲ. ಬೈಗುಳ ಬಂದಿದ್ದರೆ ನೆನಪಿರುತ್ತಿತ್ತೇನೋ. ಬಾರದೆ ಇದ್ದದ್ದೇ ಈಗ ಜಾಸ್ತಿ ಕಾಡುತ್ತದೆ.

ಡೆಸ್ಕಿನಲ್ಲಿ ಇಂಥದ್ದು ದ್ವೇಷದಿಂದಲೇ ಆಗಬೇಕಾಗಿಲ್ಲ. ಆತುರ ಸಾಕು. ಆರೋಪಿ ಬೇರೆಯವನಾದರೆ ತಲೆಬರಹದಲ್ಲಿ 'ಯುವಕ', 'ಖದೀಮ', 'ದುಷ್ಕರ್ಮಿ' ಅಂತ ಬರುತ್ತದೆ. ಮುಸ್ಲಿಮನಾದರೆ ಹೆಸರೇ ತಲೆಬರಹಕ್ಕೆ ಏರುತ್ತದೆ. ಹಾಗೆ ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನಾಗಿಯೇ ಹಾಗೆ ಹೋಗುತ್ತಿತ್ತು. ಸ್ಟೀರಿಯೊಟೈಪ್ ಅನ್ನುವ ಪದ ಹುಟ್ಟಿದ್ದೇ ಅಚ್ಚುಕೂಟದಲ್ಲಿ. ಜೋಡಿಸಿದ ಮೊಳೆಗಳ ಮೇಲೆ ಎರಕ ಹೊಯ್ದು ಒಂದೇ ತಗಡು ಮಾಡಿಕೊಂಡರೆ ಮತ್ತೆ ಮತ್ತೆ ಮೊಳೆ ಜೋಡಿಸುವ ಶ್ರಮ ಇಲ್ಲ. ಅದೇ ಪುಟ ಎಷ್ಟು ಸಾವಿರ ಬೇಕಾದರೂ ಒತ್ತಬಹುದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಈ ಪದವನ್ನು ಮನುಷ್ಯರ ತಲೆಯೊಳಗಿನ ಚಿತ್ರಗಳಿಗೆ ಬಳಸಿದರು. ಆವೆನ್ಯೂ ರಸ್ತೆಯ ಹಳೆಯ ಪ್ರೆಸ್ಸುಗಳ ಸದ್ದು ಕೇಳಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ತಗಡು ಒಮ್ಮೆ ಸಿದ್ಧವಾದರೆ ಆಳು ಕೆಟ್ಟವನಾಗಿರಬೇಕಿಲ್ಲ, ಹಿಡಿ ತಿರುಗಿಸಿದರೆ ಸಾಕು.

ಆ ದಿನಗಳಲ್ಲಿ ಬೇರೆ ಮಾತೂ ಕೇಳಿತ್ತು, ಅದನ್ನು ಮುಚ್ಚಿಡಬಾರದು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ 2020ರ ಏಪ್ರಿಲ್‌ನಲ್ಲಿ, ಎಲ್ಲೋ ಒಂದು ಘಟನೆ ಹಿಡಿದು ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಅಂಥವರ ಮೇಲೂ ಕ್ರಮ ತಗೊಳ್ಳುತ್ತೇನೆ ಅಂತ ಟಿವಿಯಲ್ಲೇ ಹೇಳಿದ್ದರು. ಅವರ ಪಕ್ಷದವರಿಗೇ ಅದು ಹಿಡಿಸಲಿಲ್ಲ. ಆದರೂ ಹೇಳಿದರು.

ಕೋರ್ಟುಗಳೂ ಹೇಳಿದವು, ನಿಧಾನವಾಗಿ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಅವರನ್ನು ಹರಕೆಯ ಕುರಿ ಮಾಡಿದ ಹಾಗೆ ಕಾಣುತ್ತದೆ ಅಂದಿತು, ಮಾಧ್ಯಮದ ಪ್ರಚಾರವನ್ನೂ ಟೀಕಿಸಿತು. ದೆಹಲಿಯಲ್ಲಿ 70 ಭಾರತೀಯರ ಮೇಲಿದ್ದ ಪ್ರಕರಣಗಳು ರದ್ದಾಗಿದ್ದು 2025ರ ಜುಲೈನಲ್ಲಿ. ಐದು ವರ್ಷ! ಆರೋಪ ಮನೆಮನೆ ತಲುಪಲು ಐದು ಗಂಟೆಯೂ ಬೇಕಾಗಿರಲಿಲ್ಲ.

ಕನ್ನಡ ಚಾನೆಲ್‌ಗಳ ಬಗ್ಗೆಯೂ ತೀರ್ಪು ಬಂತು. ದ್ವೇಷದ ಮಾತಿನ ವಿರುದ್ಧ ಅಭಿಯಾನ ಮಾಡುತ್ತಿದ್ದ ಬೆಂಗಳೂರಿನ ನಾಗರಿಕರ ಗುಂಪೊಂದು ತಬ್ಲೀಗಿ ಕುರಿತ ಕಾರ್ಯಕ್ರಮಗಳ ಬಗ್ಗೆ ದೂರು ಕೊಟ್ಟಿತ್ತು. ಸುದ್ದಿ ಚಾನೆಲ್‌ಗಳೇ ಕಟ್ಟಿಕೊಂಡ ನಿಯಂತ್ರಣ ಪ್ರಾಧಿಕಾರ ವಿಚಾರಣೆ ಮಾಡಿ 2021ರ ಜೂನ್‌ನಲ್ಲಿ ಆದೇಶ ಕೊಟ್ಟಿತು. ಆಗ ಅದರ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ. ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ ದಂಡ, ಸುವರ್ಣ ನ್ಯೂಸ್‌ಗೆ 50 ಸಾವಿರ. ನ್ಯೂಸ್18 ಕನ್ನಡ ರಾತ್ರಿ 9ರ ಸುದ್ದಿಗೆ ಮುಂಚೆ ಕ್ಷಮೆ ಕೇಳಬೇಕು ಅಂತಲೂ ಆದೇಶವಾಯಿತು. ಕಾರ್ಯಕ್ರಮದ ಧಾಟಿ, ಭಾಷೆ ಒರಟಾಗಿತ್ತು, ಪೂರ್ವಗ್ರಹದಿಂದ ಕೂಡಿತ್ತು, ಹೇಳಿದ್ದೆಲ್ಲ ಬರೀ ಊಹೆ ಅನ್ನುವುದು ಪ್ರಾಧಿಕಾರದ ಮಾತಿನ ಸಾರ.

ಈ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕಾರ್ಯಕ್ರಮ ಬಂದಿದ್ದು 2020ರ ಏಪ್ರಿಲ್ ಹೊತ್ತಿಗೆ. ಜಯನಗರದಲ್ಲಿ ಹೆಸರು ಓದಿದ್ದು 2021ರ ಮೇ. ದಂಡ ಬಿದ್ದದ್ದು ಜೂನ್. ಚಿಕ್ಕಪ್ಪ ಆ ಪಟ್ಟಿಯನ್ನು ಓದುವಾಗ ಹಿಂದಿನ ವರ್ಷದ ಸುದ್ದಿ ತಪ್ಪು ಅಂತ ಯಾವ ಚಾನೆಲ್ಲೂ ಅವರಿಗೆ ಹೇಳಿರಲಿಲ್ಲ. ಅವರ ತಲೆಯಲ್ಲಿ 'ಕೊರೊನಾ' ಮತ್ತು 'ಸಾಬರು' ಅನ್ನುವ ಎರಡು ಪದ ಆಗಲೇ ಅಕ್ಕಪಕ್ಕ ಕೂತಿದ್ದವು. ಪಟ್ಟಿ ಹೊಸದಾಗಿ ಏನನ್ನೂ ಹೇಳಬೇಕಾಗಿರಲಿಲ್ಲ.

ದಂಡದ ಮೊತ್ತದ ಬಗ್ಗೆ ಒಂದು ಮಾತು. ಒಂದು ಲಕ್ಷ ಅಂದರೆ ಚಾನೆಲ್ ಒಂದಕ್ಕೆ ಯಾವ ಲೆಕ್ಕ? 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಕೇಳಿತು. ಒಂದು ಕಾರ್ಯಕ್ರಮದಿಂದ ಬರುವ ಲಾಭದ ಮುಂದೆ ಇಷ್ಟು ಚಿಕ್ಕ ದಂಡಕ್ಕೆ ಯಾರು ಹೆದರುತ್ತಾರೆ ಅನ್ನುವುದು ಅದರ ಪ್ರಶ್ನೆಯಾಗಿತ್ತು.

ತಲೆಯೊಳಗಿನ ಲೆಕ್ಕ

ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗ ಇದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಅನ್ನುವ ಇಬ್ಬರು ಮಾಡಿದ್ದು. ನನಗೆ ಇದು ತುಂಬ ಇಷ್ಟ, ಯಾಕೆಂದರೆ ಇದರಲ್ಲಿ ಧರ್ಮ ಇಲ್ಲ, ಜಾತಿ ಇಲ್ಲ, ಬಣ್ಣವೂ ಇಲ್ಲ. ಎ ಅಂತ ಒಂದು ಗುಂಪು, ಬಿ ಅಂತ ಇನ್ನೊಂದು. ಜನರಿಗೆ ಒಟ್ಟು 39 ಪುಟ್ಟ ವಾಕ್ಯ ಓದಲು ಕೊಟ್ಟರು. ಎ ಗುಂಪಿನವನೊಬ್ಬ ಇಂಥ ಒಳ್ಳೆ ಕೆಲಸ ಮಾಡಿದ, ಬಿ ಗುಂಪಿನವನೊಬ್ಬ ಇಂಥ ಕೆಟ್ಟ ಕೆಲಸ ಮಾಡಿದ, ಹೀಗೆ. ಎ ಗುಂಪಿನದು 26 ವಾಕ್ಯ: 18 ಒಳ್ಳೆಯದು, 8 ಕೆಟ್ಟದ್ದು. ಬಿ ಗುಂಪಿನದು 13: 9 ಒಳ್ಳೆಯದು, 4 ಕೆಟ್ಟದ್ದು. ಎರಡರಲ್ಲೂ ಪ್ರಮಾಣ ಒಂದೇ, ಅಲ್ವಾ?

ಆಮೇಲೆ ನೆನಪಿನಿಂದ ಹೇಳಿ ಅಂದಾಗ ಓದಿದವರು ಕೆಟ್ಟ ಕೆಲಸಗಳಲ್ಲಿ ಬಿ ಗುಂಪಿನ ಪಾಲನ್ನು ಇದ್ದದ್ದಕ್ಕಿಂತ ಜಾಸ್ತಿ ಹೇಳಿದರು. ಬಿ ಗುಂಪು ಚಿಕ್ಕದು, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಕೆಟ್ಟ ಕೆಲಸ ಅಪರೂಪ, ಅದೂ ಕಣ್ಣಿಗೆ ಬೀಳುತ್ತದೆ. ಎರಡೂ ಒಟ್ಟಿಗೆ ಬಂದರೆ ನೆನಪಿಗೆ ಅಂಟಿಬಿಡುತ್ತದೆ. ಯಾರೂ ಸುಳ್ಳು ಹೇಳಿರಲಿಲ್ಲ. ಅಂಕಿಗಳೂ ಸರಿಯಾಗಿದ್ದವು. ಆದರೂ ಲೆಕ್ಕ ತಪ್ಪಿತು.

ಅಂಕಿ ಸರಿ ಇದ್ದಾಗಲೇ ಇಷ್ಟು. ಇನ್ನು ದಿನಾ ರಾತ್ರಿ ಬಿ ಗುಂಪಿನ ನಾಲ್ಕು ಕೆಟ್ಟದ್ದನ್ನು ಮಾತ್ರ ತೋರಿಸಿ ಒಂಬತ್ತು ಒಳ್ಳೆಯದನ್ನು ಬಿಟ್ಟುಬಿಟ್ಟರೆ? ಜಯನಗರದ ಪಟ್ಟಿ ಮಾಡಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಆ ಹದಿನೇಳು ಜನರ ಕೆಟ್ಟ ಕೆಲಸವೇ ಇರಲಿಲ್ಲ. ಕೆಟ್ಟ ಸುದ್ದಿಯ ಪಕ್ಕದಲ್ಲಿ ಅವರ ಹೆಸರು ಇಟ್ಟದ್ದಷ್ಟೇ. ಇನ್ನೂರು ಹೆಸರನ್ನೂ ಓದಿದ್ದರೆ ಅದು ಹಾಜರಿ ಪುಸ್ತಕ ಆಗುತ್ತಿತ್ತು.

ದೇವದೂತ ಇಲ್ಲವೇ ದ್ರೋಹಿ

ಅದೇ ವಾರಗಳಲ್ಲಿ ಮುಸ್ಲಿಮರ ಬಗ್ಗೆ ಇನ್ನೊಂದು ಬಗೆಯ ಸುದ್ದಿಯೂ ಬರುತ್ತಿತ್ತು. ಮರ್ಸಿ ಏಂಜೆಲ್ಸ್ ಅನ್ನುವ ಬೆಂಗಳೂರಿನ ಸ್ವಯಂಸೇವಕರ ತಂಡ ಕೋವಿಡ್‌ನಿಂದ ಸತ್ತವರ ಅಂತ್ಯಸಂಸ್ಕಾರ ಮಾಡುತ್ತಿತ್ತು. ಮನೆಯವರೇ ಹತ್ತಿರ ಬಾರದ ಹೆಣಗಳನ್ನು ಹೊತ್ತರು. ಹಿಂದೂಗಳದ್ದಾದರೆ ಚಿತಾಗಾರಕ್ಕೆ, ಮುಸ್ಲಿಂ ಕ್ರೈಸ್ತರದ್ದಾದರೆ ಅವರವರ ಸ್ಮಶಾನಕ್ಕೆ. ಪತ್ರಿಕೆಗಳು ಚೆನ್ನಾಗಿಯೇ ಬರೆದವು. ನಾನೂ ಒಂದಕ್ಕೆ ತಲೆಬರಹ ಕೊಟ್ಟಿದ್ದೆ. 'ಸಾಮರಸ್ಯ' ಅನ್ನುವ ಪದ ಇತ್ತು ಅದರಲ್ಲಿ. ಇರಲೇಬೇಕಲ್ಲ.

ತುಂಬ ದಿನ ಆದ ಮೇಲೆ ಹೊಳೆದದ್ದು ಇದು. ನಮ್ಮ ಡೆಸ್ಕಿನಲ್ಲಿ ಮುಸ್ಲಿಮರಿಗೆ ಎರಡೇ ಅಚ್ಚು ಇದ್ದವು. ಒಂದು ಸಂಶಯದ್ದು, ಇನ್ನೊಂದು ಸಾಮರಸ್ಯದ್ದು. ಗಣಪತಿ ಮೆರವಣಿಗೆಗೆ ಪಾನಕ ಕೊಟ್ಟರೆ ಸುದ್ದಿ. ಪೊಲೀಸರು ಹಿಡಿದುಕೊಂಡು ಹೋದರೆ ಸುದ್ದಿ. ತಿಂಗಳ ಸಂಬಳಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂತು, "ಸರ್, ನಿಮ್ಮ ಆಕ್ಸಿಜನ್ ಲೆವೆಲ್ ಎಷ್ಟಿದೆ?" ಅಂತ ಕನ್ನಡದಲ್ಲೇ ಕೇಳುವ ಹುಡುಗನಿಗೆ ನಮ್ಮಲ್ಲಿ ಅಚ್ಚೇ ಇರಲಿಲ್ಲ. ಅವನು ದೇವದೂತನೂ ಅಲ್ಲ, ದ್ರೋಹಿಯೂ ಅಲ್ಲ. ನೌಕರ. ಓದುಗರು ಅಂಥವನನ್ನು ಒಮ್ಮೆಯೂ ಸುದ್ದಿಯಲ್ಲಿ ನೋಡಿರಲಿಲ್ಲ. ಹಾಗಾಗಿ ಹದಿನೇಳು ಜನ ಒಟ್ಟಿಗೆ ಕಾಣಿಸಿದಾಗ ಇವರು 'ನೌಕರರು' ಅನ್ನುವ ಸುಲಭದ ಉತ್ತರ ಯಾರಿಗೂ ಹೊಳೆಯಲಿಲ್ಲ.

ಸಿನಿಮಾ, ಧಾರಾವಾಹಿಗಳಲ್ಲೂ ಇದೇ ಕಥೆ. ಸಾಬರ ಪಾತ್ರ ಅಂದರೆ 'ನಮ್ದು ನಿಮ್ದು' ಅಂತ ತೊದಲುವ ಕನ್ನಡ, ನಗಿಸುವುದಕ್ಕೆ. ನಿಜದ ಲೋಕದಲ್ಲಿ ಕೆ.ಎಸ್. ನಿಸಾರ್ ಅಹಮದ್ ಇದೇ ಊರಿನಲ್ಲಿದ್ದು, ಭೂವಿಜ್ಞಾನ ಪಾಠ ಮಾಡಿ, ಕನ್ನಡದಲ್ಲಿ ಕವಿತೆ ಬರೆದರು. ಅವರು ತೀರಿಕೊಂಡದ್ದು 2020ರ ಮೇ 3. ಜಯನಗರದಲ್ಲಿ ಹೆಸರು ಓದಿದ ದಿನಕ್ಕೆ ಸರಿಯಾಗಿ ಒಂದು ವರ್ಷ ಒಂದು ದಿನ ಹಿಂದೆ. ಅವರು ಹೋದಾಗ ನಮ್ಮ ಅದೇ ಗ್ರೂಪಿನಲ್ಲಿ ಎಲ್ಲರೂ ಅವರ ಹಾಡಿನ ಸಾಲು ಹಾಕಿದ್ದರು. ಚಿಕ್ಕಪ್ಪ ಕೂಡ.

ಚಿಕ್ಕಪ್ಪನ ಅಂಗಿ ಹೊಲಿಯುವವರು ಮುಸ್ಲಿಮರು. ಇಪ್ಪತ್ತು ವರ್ಷದ ಪರಿಚಯ. ಅಳತೆ ಕೊಡುವ ಅಗತ್ಯವೇ ಇಲ್ಲ, ಬಟ್ಟೆ ಕೊಟ್ಟು ಬಂದರೆ ಸಾಕು. ಹಾಗಂತ ನೆನಪಿಸಿದರೆ, "ಅವರು ಬೇರೆ ಕಣೋ" ಅನ್ನುತ್ತಾರೆ. ನಿಸಾರ್ ಅಹಮದರೂ ಬೇರೆ. ಹೆಣ ಹೊತ್ತವರೂ ಬೇರೆ. ಗೊತ್ತಿರುವವರೆಲ್ಲ ಬೇರೆಯವರೇ ಆದರೆ ಆ 'ಅವರು' ಅನ್ನುವವರು ಉಳಿಯುವುದು ಟಿವಿಯಲ್ಲಿ ಮಾತ್ರ.

ಆಮೇಲೆ ಏನಾಯಿತು

ಎರಡು ದಿನ ಬಿಟ್ಟು ಸಂಸದರು ಮತ್ತೆ ವಾರ್ ರೂಮಿಗೆ ಬಂದರು. ಸಿಬ್ಬಂದಿಯ ಕ್ಷಮೆ ಕೇಳಿದರು ಅಂತ ವರದಿಯಾಯಿತು. ಅವರ ಕಚೇರಿ ಅದನ್ನು ಅಲ್ಲಗಳೆಯಿತು. ಹದಿನೇಳು ಜನರನ್ನು ಪೊಲೀಸರು ವಿಚಾರಿಸಿ ಬಿಟ್ಟರು. ಕೆಲವರು ಕೆಲಸಕ್ಕೆ ಮರಳಿದರು, ಕೆಲವರು ಮರಳಲಿಲ್ಲ. ನನ್ನ ಮಗ ಆ ಪಟ್ಟಿಯಲ್ಲಿದ್ದಿದ್ದರೆ ನಾನು ಮತ್ತೆ ಕಳಿಸುತ್ತಿರಲಿಲ್ಲ.

ಹಗರಣದ ತನಿಖೆ ಬೆಂಗಳೂರು ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿಗೆ ಹೋಯಿತು. ಬಂಧನಗಳಾದವು. ಹೆಸರು ಓದಿದ ದಿನ ಜೊತೆಗಿದ್ದ ಶಾಸಕರೊಬ್ಬರ ಆಪ್ತ ಅಂತ ಹೇಳಲಾದವನನ್ನೂ ಪೊಲೀಸರು ಹಿಡಿದರು. ತಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಆ ಶಾಸಕರು ಹೇಳಿದರು. ಇರಬಹುದು. ಒಬ್ಬನ ಆರೋಪವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು ಅನ್ನುವ ನಿಯಮ ಅವರಿಗೂ ಅನ್ವಯಿಸಬೇಕು. ಆದರೆ ಅವರ ಪರವಾಗಿ ಈ ನಿಯಮ ಕೂಡಲೇ ಎಲ್ಲರಿಗೂ ನೆನಪಾಯಿತು ಅನ್ನುವುದನ್ನು ಗಮನಿಸದೆ ಇರಲಾರೆ.

ಬೆಡ್ ಬುಕ್ ಮಾಡುವ ಸಾಫ್ಟ್‌ವೇರನ್ನು ತಿದ್ದುವ ಕೆಲಸವೂ ಶುರುವಾಯಿತು. ಅದನ್ನು ಪ್ರಕಟಿಸಿದ್ದು ಅದೇ ಸಂಸದರು. ಒಳ್ಳೆಯ ಕೆಲಸ. ಅದರಲ್ಲಿದ್ದ ತೂತು ಮುಚ್ಚಲು ಯಾರ ಹೆಸರನ್ನೂ ಕೇಳಬೇಕಾಗಿರಲಿಲ್ಲ.

ಚಾಮರಾಜನಗರದ ಸುದ್ದಿ ಆ ಹೊತ್ತಿಗೆ ಟಿವಿಯ ಕೆಳಗಿನ ಓಡುವ ಸಾಲಿಗೆ ಇಳಿದಿತ್ತು.

ಯುಗಾದಿಯ ಮಧ್ಯಾಹ್ನ

ತಿದ್ದುಪಡಿ ಯಾಕೆ ನಾಟುವುದಿಲ್ಲ ಅನ್ನುವುದಕ್ಕೂ ಒಂದು ಪ್ರಯೋಗ ಇದೆ, 1994ರದ್ದು. ಜಾನ್ಸನ್ ಮತ್ತು ಸೈಫರ್ಟ್ ಮಾಡಿದ್ದು. ಒಂದು ಗೋದಾಮಿಗೆ ಬೆಂಕಿ ಬಿತ್ತು ಅನ್ನುವ ವರದಿಯನ್ನು ಜನರಿಗೆ ಓದಲು ಕೊಟ್ಟರು. ಮೊದಲು, ಪಕ್ಕದ ಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಅಂದರು. ಆಮೇಲೆ, ಇಲ್ಲ, ಆ ಕೋಣೆ ಖಾಲಿ ಇತ್ತು ಅಂದರು. ಓದಿದವರಿಗೆ ತಿದ್ದುಪಡಿ ನೆನಪಿತ್ತು. ಆದರೂ ಹೊಗೆ ಅಷ್ಟು ಕಪ್ಪಗೆ ಯಾಕೆ ಬಂತು ಅಂತ ಕೇಳಿದರೆ ಬಣ್ಣದ ಡಬ್ಬಿಯನ್ನೇ ಕಾರಣ ಹೇಳಿದರು. ಯಾರೋ ಬೇಕಂತಲೇ ಬೆಂಕಿ ಇಟ್ಟರು ಅಂತ ಇನ್ನೊಂದು ಕಾರಣ ಕೊಟ್ಟಾಗ ಮಾತ್ರ ಡಬ್ಬಿಯ ಹಿಡಿತ ಸಡಿಲವಾಯಿತು.

ಇದನ್ನು ಓದಿದ ಮೇಲೆ ಬಂದ ಯುಗಾದಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಹೋಳಿಗೆ ಊಟ ಮುಗಿದಿತ್ತು. ಮಾತು ಹೇಗೋ ಕೋವಿಡ್‌ಗೆ ಬಂತು.

"ಬೆಡ್ ಮಾರಿಕೊಂಡ್ರಲ್ಲ ಆ ಸಾಬರು, ಅವರಿಗೆ ಶಿಕ್ಷೆ ಆಯ್ತೇನೋ?" ಅಂತ ಚಿಕ್ಕಪ್ಪ ಕೇಳಿದರು. ಸಿಟ್ಟಿರಲಿಲ್ಲ. ಹಳೆಯ ಪರಿಚಯದವರ ಸುದ್ದಿ ಕೇಳುವ ಹಾಗೆ ಕೇಳಿದರು.

"ಅವರು ಮಾರಿಕೊಂಡಿರಲಿಲ್ಲ ಚಿಕ್ಕಪ್ಪ. ಪೊಲೀಸರು ವಿಚಾರಿಸಿ ಆಗಲೇ ಬಿಟ್ಟರು."

"ಹೌದಾ?" ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಮಾಡ್ದೋರು ಯಾರು?"

ಗೋದಾಮಿನ ಪ್ರಯೋಗ ನೆನಪಿತ್ತು. ಅವರು ಮಾಡಿಲ್ಲ ಅಂತ ಹೇಳಿ ನಿಲ್ಲಿಸಬಾರದು ಅಂತ ಗೊತ್ತಿತ್ತು. ಹೇಳಿದೆ. ಊರಲ್ಲಿ ಬೆಡ್ಡೇ ಸಾಲದೆ ಇದ್ದದ್ದು, ಸಾಫ್ಟ್‌ವೇರಿನಲ್ಲಿ ತೂತು ಇದ್ದದ್ದು, ಮಧ್ಯದಲ್ಲಿ ದುಡ್ಡು ಮಾಡಿದವರ ಬಂಧನ, ಚಾಮರಾಜನಗರ, ಎಲ್ಲ. ಒಟ್ಟು ಸಿಬ್ಬಂದಿ ಇನ್ನೂರು ಅಂದಾಗ ಚಿಕ್ಕಪ್ಪನ ತುಟಿ ಅಲ್ಲಾಡಿತು. ಬಾಯಿಲೆಕ್ಕ ಹಾಕುವಾಗ ಅವರು ಯಾವಾಗಲೂ ಹಾಗೆ.

"ಎಂಟೂವರೆ ಪರ್ಸೆಂಟು," ಅಂದರು.

"ಹ್ಞೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಗಿಂದ ಚಿಕ್ಕಮ್ಮ ಕಾಫಿ ಬೇಕಾ ಅಂತ ಕೇಳಿದರು. ಇಬ್ಬರೂ ಬೇಕು ಅಂದೆವು.

"ಆದ್ರೂ ನೋಡು," ಚಿಕ್ಕಪ್ಪ ಕನ್ನಡಕ ಹಾಕಿಕೊಂಡರು. "ಏನೂ ಇಲ್ದೆ ಅಷ್ಟು ದೊಡ್ಡವರು ಹೆಸರು ಓದ್ತಾರೇನೋ? ಬೆಂಕಿ ಇಲ್ದೆ ಹೊಗೆ ಬರುತ್ತಾ?"

ಕಾಫಿ ಬಂತು. ಲೋಟ ಕೈಗೆ ತಗೊಂಡು, ಆ ಹುಡುಗರು ಅಲ್ಲಿ ಮಾಡುತ್ತಿದ್ದ ಕೆಲಸ ಏನು ಅನ್ನುವುದನ್ನು ಮತ್ತೆ ಮೊದಲಿಂದ ಹೇಳಲು ಶುರು ಮಾಡಿದೆ.